ಕದ್ರಿಯ ಲೋಕೇಶ್ವರ



ಘಟ್ಟದ ಮೇಲಿನ ನಮ್ಮ ಸೀಮೆಯಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೋ ಧರ್ಮಸ್ಥಳಕ್ಕೋ ಯಾತ್ರೆ ಹೊರಟವರು ಮಂಗಳೂರನ್ನೂ ನೋಡಿಕೊಂಡು ಬರುವ ರೂಢಿಯುಂಟು. ಅಂಥವರಲ್ಲಿ ಬಹುಮಂದಿ ಕಡಲನ್ನು ಕಂಡು, ಮಂಗಳಾದೇವಿಗೆ ಕೈಮುಗಿದು, ಕದ್ರಿಯ ಮಂಜುನಾಥನ ಗುಡಿಯಲ್ಲಿ ಹಣ್ಣುಕಾಯಿ ಮಾಡಿಸಿ ಹಿಂದಿರುಗುತ್ತಾರೆ. ಕದ್ರಿಯಲ್ಲಿ ಅವರು ಪ್ರದಕ್ಷಿಣೆ ಬರುವಾಗ ಪ್ರಾಕಾರದೊಳಗಿನ ಒಂದು ಗುಡಿಯಲ್ಲಿ ಮೂರು ಮುಖ ಆರು ತೋಳುಗಳ ಕಂಚಿನ ಮೂರ್ತಿಯೊಂದು ಪದ್ಮಾಸನದಲ್ಲಿ ಕುಳಿತಿರುವುದನ್ನು ಕಂಡಿರುತ್ತಾರೆ. ಕೆಲವರು ಅದನ್ನು ಬ್ರಹ್ಮನೆಂದು ತಿಳಿದು ನಮಸ್ಕರಿಸುತ್ತಾರೆ. ಕೆಲವರು ಶಿವನ ಒಂದು ರೂಪವೆನ್ನುತ್ತಾರೆ. ಅವಸರದಲ್ಲಿರುವವರು ಎರಡನ್ನೂ ಎನ್ನದೆ ಮುಂದಕ್ಕೆ ಸಾಗುತ್ತಾರೆ. ಆ ಮೂರ್ತಿಯ ಮುಂದೆ ಕಾಲು ಗಂಟೆಯಾದರೂ ನಿಲ್ಲಬೇಕೆಂದು ಕೇಳಿಕೊಳ್ಳುವುದೇ ಈ ಹೊತ್ತಿನ ನನ್ನ ಭಾಷಣದ ಉದ್ದೇಶ.

ಏಕೆಂದರೆ ಅದು ಸಾಮಾನ್ಯ ಮೂರ್ತಿಯಲ್ಲ. ಅದರ ಪೀಠದಲ್ಲಿ ಸಂಸ್ಕೃತ ಶ್ಲೋಕಗಳ ಶಾಸನವೊಂದಿದೆ. ಕಲಿಯುಗದ 4068 ವರ್ಷಗಳು ಸಂದ ಮೇಲೆ ಆಳುಪೇಂದ್ರನಾದ ಕುಂದವರ್ಮನೆಂಬ ಅರಸನು ಕದಿರಿಕಾ ಎಂಬ ಹೆಸರಿನ ಮನೋಹರವಾದ ವಿಹಾರದಲ್ಲಿ ಲೋಕೇಶ್ವರ ದೇವನ ಪ್ರತಿಷ್ಠೆಯನ್ನು ಮಾಡಿದನೆಂಬುದು ಅದರ ತಾತ್ಪರ್ಯ. ಕಲಿವರ್ಷವನ್ನು ಕ್ರಿಸ್ತಶಕಕ್ಕೆ ಹೊಂದಿಸಿ ವಿದ್ವಾಂಸರು ಇದನ್ನು 968 ಎಂದು ಗಣಿಸಿರುವರು. ಕಾಲವನ್ನು ಮನಸ್ಸಿಗೆ ತಂದುಕೊಳ್ಳಲು ಹೀಗೆ ಹೇಳಬಹುದು: ಪಂಪನು ವಿಕ್ರಮಾರ್ಜುನ ವಿಜಯವನ್ನು ಬರೆದು ಆಗ ಕಾಲು ಶತಮಾನ ಕಳೆದಿತ್ತು, ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನು 967ರಲ್ಲಷ್ಟೇ ತೀರಿಕೊಂಡಿದ್ದನು, ಶ್ರವಣಬೆಳಗೊಳದ ಗೊಮ್ಮಟನು ಎದ್ದು ನಿಲ್ಲಲು ಇನ್ನೂ ಹದಿಮೂರು ಹದಿನಾಲ್ಕು ವರ್ಷಗಳಿದ್ದವು. ತಂಜಾವೂರಿನ ರಾಜರಾಜನಿಗೆ ಇನ್ನೂ ಪಟ್ಟವಾಗಿರಲಿಲ್ಲ. ದಕ್ಷಿಣದ ಕಂಚಿನ ಮೂರ್ತಿಗಳಲ್ಲಿ ಇಷ್ಟು ದೊಡ್ಡದಾಗಿದ್ದು, ತನ್ನ ಕಾಲವನ್ನೂ ತನ್ನನ್ನು ನಿಲ್ಲಿಸಿದ ದೊರೆಯ ಹೆಸರನ್ನೂ ತಾನೇ ಹೇಳುವಂಥವು ಬಹಳ ವಿರಳ. ಅಷ್ಟೇ ವಿರಳವಾದ ಇನ್ನೊಂದು ಸಂಗತಿಯೆಂದರೆ, ಇದು ಮೊದಲು ಪೂಜೆಗೊಂಡ ಗುಡ್ಡದ ಬುಡದಲ್ಲಿಯೇ ಇಂದಿಗೂ ಪೂಜೆಗೊಳ್ಳುತ್ತಿದೆ.

ಕದ್ರಿಯು ಮಂಗಳೂರಿನ ಹಂಪನಕಟ್ಟೆಯಿಂದ ಸುಮಾರು ಎರಡು ಮೈಲಿ. ಹಿಂದೆ ಊರಾಚೆಯ ಗುಡ್ಡವಾಗಿದ್ದದ್ದು ಈಗ ಪಟ್ಟಣದ ನಡುವೆಯೇ ಸೇರಿಹೋಗಿದೆ. ಗುಡ್ಡವೆಲ್ಲ ಮುರಕಲ್ಲು. ದೇವಾಲಯವು ಗುಡ್ಡದ ಬುಡದಲ್ಲಿದೆ. ತುಳುನಾಡಿನ ಗುಡಿಗಳ ಮಾಡು ನಮ್ಮ ಬೇಲೂರು ಹಳೇಬೀಡುಗಳಂತೆ ಮಟ್ಟಸವಾಗಿರದೆ ಇಳಿಜಾರಾಗಿರುವುದನ್ನು ನೀವು ಗಮನಿಸಿರಬಹುದು. ವರ್ಷಕ್ಕೆ 130 ಅಂಗುಲಕ್ಕೂ ಮಿಕ್ಕಿ ಮಳೆ ಸುರಿಯುವ ಸೀಮೆಯಲ್ಲಿ ಬೇರೆ ರೀತಿಯ ಮಾಡು ನಿಲ್ಲಲಾರದು. ಗುಡಿಯ ಹಿಂದುಗಡೆ ಸ್ವಲ್ಪ ಎತ್ತರದಲ್ಲಿ ಗೋಮುಖವಿದೆ. ಗುಡ್ಡದ ಒಡಲಿನಿಂದ ಹೊರಟ ಒರತೆಯ ನೀರು ಅದರ ಮೂಲಕ ಇಳಿದು ಸಣ್ಣ ದೊಡ್ಡ ಕೆರೆಗಳನ್ನು ತುಂಬುತ್ತದೆ. ಮುರಕಲ್ಲು ಮಳೆಗಾಲದಲ್ಲಿ ಹೀರಿದ ನೀರನ್ನು ಬೇಸಗೆಯವರೆಗೂ ಹಿಡಿದಿಟ್ಟು ಮೆಲ್ಲನೆ ಬಿಡುವ ಸ್ವಭಾವದ ಕಲ್ಲು. ಭಕ್ತರಾದರೋ ಅದನ್ನು ಕಾಶಿಯ ಭಾಗೀರಥಿಯೆಂದು ಕರೆದು ಮಿಂದು ಗುಡಿಯನ್ನು ಪ್ರವೇಶಿಸುತ್ತಾರೆ. ಇನ್ನೂ ಮೇಲಕ್ಕೆ ಹತ್ತಿದರೆ ಜೋಗಿಮಠವೂ, ಕಲ್ಲಿನಲ್ಲಿ ಕೊರೆದ ಗುಹೆಗಳೂ ಇವೆ. ಗುಹೆ ಕಂಡಲ್ಲಿ ಪಾಂಡವರ ಹೆಸರಿಡುವುದು ನಮ್ಮ ದೇಶದ ವಾಡಿಕೆಯಷ್ಟೆ. ಇಲ್ಲಿಯೂ ಅವು ಪಾಂಡವರ ಗುಹೆಗಳೇ. ಬಿಸಿಲೂ ಮಳೆಯೂ ತಾಗದಂತೆ ಒಬ್ಬೊಬ್ಬರೇ ಕುಳಿತು ಧ್ಯಾನಮಾಡುವವರಿಗೆ ಇದಕ್ಕಿಂತ ಅನುಕೂಲವಾದ ಸ್ಥಳ ಬೇರೊಂದಿರಲಾರದು. ನೀರಿದೆ, ಗುಹೆಯಿದೆ, ಭಿಕ್ಷೆಗೆ ಹೋಗಿಬರುವಷ್ಟು ಹತ್ತಿರದಲ್ಲಿ ಪಟ್ಟಣವೂ ರೇವೂ ಇವೆ. ಬೌದ್ಧಭಿಕ್ಷುಗಳು ಪಶ್ಚಿಮ ಭಾರತದಲ್ಲೆಲ್ಲ ಹುಡುಕಿ ನೆಲೆಸಿದ್ದು ಇಂಥ ತಾಣಗಳಲ್ಲಿಯೇ.

ಈಗ ಮೂರ್ತಿಯ ಬಳಿಗೆ ಬರೋಣ. ಸುಮಾರು ಐದು ಅಡಿಯ ಎತ್ತರ. ಹಿಂದೆ ಪ್ರಭಾವಳಿ. ಪಕ್ಕಗಳಲ್ಲಿ ಪರಿವಾರದ ಮೂರ್ತಿಗಳು. ಮುಖಗಳಲ್ಲಿ ಉಗ್ರತೆಯ ಲೇಶವೂ ಇಲ್ಲ. ಕಣ್ಣು ಅರೆಮುಚ್ಚಿ ಕೆಳಗಿನ ಲೋಕವನ್ನು ನೋಡುತ್ತಿರುವಂತಿದೆ. ತಲೆಯ ಮೇಲೆ ಎತ್ತಿ ಕಟ್ಟಿದ ಜಟಾಮಕುಟ. ಜಟೆಯೆಂದೊಡನೆ ನಮಗೆ ಶಿವನ ನೆನಪಾಗುವುದು ಸಹಜ. ಆದರೆ ಆ ಮಕುಟದ ಮುಂಭಾಗದಲ್ಲಿ ಚಂದ್ರಕಲೆಯಿರಬೇಕಾದ ಎಡೆಯಲ್ಲಿ ಒಂದು ಪುಟ್ಟ ಧ್ಯಾನಸ್ಥ ಆಕೃತಿಯಿದೆ. ಬೌದ್ಧಶಿಲ್ಪವನ್ನು ಬಲ್ಲವರಿಗೆ ಇದೊಂದೇ ಗುರುತು ಸಾಕು. ಮಹಾಯಾನದವರ ಮತದಲ್ಲಿ ಅಮಿತಾಭನೆಂಬ ಧ್ಯಾನಿಬುದ್ಧನಿಂದ ಉದ್ಭವಿಸಿದ ಬೋಧಿಸತ್ತ್ವನೇ ಅವಲೋಕಿತೇಶ್ವರನು, ಅವನಿಗೇ ಲೋಕೇಶ್ವರ ಲೋಕನಾಥನೆಂಬ ಹೆಸರುಗಳು. ಮಗನು ತಂದೆಯನ್ನು ಶಿರಸ್ಸಿನಲ್ಲಿ ಹೊತ್ತಿರುವನೆಂಬ ಭಾವದಿಂದ ಶಿಲ್ಪಿಗಳು ಅಮಿತಾಭನನ್ನು ಅವನ ಮಕುಟದಲ್ಲಿ ತೋರಿಸುವರು. ಸಮಸ್ತ ಜೀವಿಗಳೂ ದುಃಖದಿಂದ ಪಾರಾಗುವವರೆಗೆ ತಾನು ನಿರ್ವಾಣವನ್ನು ಪ್ರವೇಶಿಸುವುದಿಲ್ಲವೆಂದು ಹಿಂದೆ ನಿಂತವನು ಅವನು. ಕೆಳಗೆ ನೋಡುವ ಆ ಕಣ್ಣುಗಳ ಅರ್ಥವೂ ಇದೇ. ಅವಲೋಕಿತನೆಂಬ ಹೆಸರಿನ ಅರ್ಥವೂ ಇದೇ.

ಗುಡಿಯಲ್ಲಿ ಬೇರೆ ಕಂಚಿನ ಮೂರ್ತಿಗಳೂ ಇವೆ. ಒಂದನ್ನು ನಾರಾಯಣನೆಂದೂ ಮತ್ತೊಂದನ್ನು ವ್ಯಾಸನೆಂದೂ ಕರೆಯುವುದುಂಟು; ವ್ಯಾಸನೆನಿಸಿಕೊಂಡ ಧ್ಯಾನಮೂರ್ತಿಯಲ್ಲಿ ಬುದ್ಧನನ್ನೇ ಕಂಡ ವಿದ್ವಾಂಸರಿದ್ದಾರೆ. ಅವುಗಳ ವಿಚಾರವನ್ನು ಇಂದು ಬಿಡುತ್ತೇನೆ. ಲೋಕೇಶ್ವರನೊಬ್ಬನ ಮಾತೇ ಸಾಕಷ್ಟು ದೀರ್ಘವಾಗಿದೆ.

ಇಲ್ಲಿ ಒಂದು ತೊಡಕು ಬರುತ್ತದೆ. ಅದೇ ಶಾಸನದಲ್ಲಿ ಕುಂದವರ್ಮನು ತನ್ನನ್ನು ಬಾಲಚಂದ್ರನನ್ನು ಮುಡಿದ ದೇವನ ಅಡಿದಾವರೆಗಳಿಗೆ ಎರಗಿದ ದುಂಬಿಯೆಂದು ವರ್ಣಿಸಿಕೊಂಡಿದ್ದಾನೆ. ಎಂದರೆ ಅರಸನು ಶಿವಭಕ್ತ. ಶಿವಭಕ್ತನಾದ ಅರಸನು ಬೌದ್ಧವಿಹಾರದಲ್ಲಿ ಬೋಧಿಸತ್ತ್ವನನ್ನು ಏಕೆ ಪ್ರತಿಷ್ಠಿಸಿದನು? ಈ ಪ್ರಶ್ನೆಯನ್ನು ಹಿಡಿದು ವಿದ್ವಾಂಸರಲ್ಲಿ ಎರಡು ಪಂಗಡಗಳಾಗಿವೆ. ಲೋಕೇಶ್ವರನೆಂಬುದು ಶಿವನಿಗೂ ಸಲ್ಲುವ ಹೆಸರಾದುದರಿಂದ ಇದು ಶಿವನ ಮೂರ್ತಿಯೇ, ವಿಹಾರವೆಂಬ ಮಾತು ಹಳೆಯ ಹೆಸರಾಗಿ ಉಳಿದುಕೊಂಡದ್ದಷ್ಟೇ ಎಂದು ಒಂದು ಪಕ್ಷದವರು. ವಿಹಾರವೆಂಬ ಶಬ್ದವೂ ಮಕುಟದಲ್ಲಿನ ಧ್ಯಾನಿಬುದ್ಧನೂ ಒಟ್ಟಿಗೆ ಇರುವಾಗ ಬೇರೆ ಅರ್ಥಕ್ಕೆ ಎಡೆಯೇ ಇಲ್ಲವೆಂದು ಮತ್ತೊಂದು ಪಕ್ಷದವರು.

ನನಗೆ ಎರಡನೆಯ ಪಕ್ಷವೇ ಸರಿಯೆಂದು ತೋರುತ್ತದೆ. ಅರಸನು ಯಾರ ಭಕ್ತನೆಂಬುದು ಅರಸನ ಮಾತು. ಮೂರ್ತಿ ಯಾರದೆಂಬುದನ್ನು ಮೂರ್ತಿಯೇ ಹೇಳಬೇಕು. ನಮ್ಮ ನಾಡಿನ ದೊರೆಗಳು ತಾವು ನಂಬಿದ ದೇವರಿಗೆ ಮಾತ್ರ ದತ್ತಿ ಬಿಡುತ್ತಿದ್ದರೆಂದು ಭಾವಿಸುವುದು ಶಾಸನಗಳನ್ನು ಓದದವರ ಊಹೆ. ಶೈವಮಠಗಳಿಂದ ತುಂಬಿದ್ದ ಬಳ್ಳಿಗಾವೆಯಲ್ಲಿ 1065ರಲ್ಲಿ ದಂಡನಾಯಕ ರೂಪಭಟ್ಟಯ್ಯನು ಜಯಂತೀ ಬೌದ್ಧವಿಹಾರವನ್ನು ಕಟ್ಟಿಸಿದನು. ಅದೇ ಊರಿನಲ್ಲಿ ನಾಗಿಯಕ್ಕನೆಂಬವಳು ತಾರಾಭಗವತಿಯ ಮೂರ್ತಿಯನ್ನು ಮಾಡಿಸಿದಳು. ಡಂಬಳದ 1095ರ ಶಾಸನದಲ್ಲಿ ಸೆಟ್ಟಿಗಳು ಸೇರಿ ಕಟ್ಟಿಸಿದ ಬೌದ್ಧವಿಹಾರಕ್ಕೂ ಅಲ್ಲಿನ ತಾರಾದೇವಿಗೂ ಬಿಟ್ಟ ದತ್ತಿಯ ವಿವರವಿದೆ. ಆದುದರಿಂದ ಹತ್ತನೆಯ ಶತಮಾನಕ್ಕೆ ಕನ್ನಡನಾಡಿನಲ್ಲಿ ಬೌದ್ಧಮತವು ಪೂರ್ಣವಾಗಿ ಮರೆಯಾಗಿತ್ತೆಂಬ ಮಾತು ನಿಲ್ಲುವುದಿಲ್ಲ. ಮಸ್ಕಿ ಬ್ರಹ್ಮಗಿರಿಗಳ ಬಂಡೆಗಳಲ್ಲಿ ಅಶೋಕನ ಕಾಲಕ್ಕೆ ಕಾಣಿಸಿಕೊಂಡು, ಭೀಮಾತೀರದ ಸನ್ನತಿ ಕನಗನಹಳ್ಳಿಯಲ್ಲಿ ಮಹಾಸ್ತೂಪವಾಗಿ ಬೆಳೆದು, ಬನವಾಸಿಯಲ್ಲಿ ನೆಲೆಸಿದ ಆ ಮತವು ಕಡೆಗಾಲದಲ್ಲಿ ಸಣ್ಣ ಹೊಳೆಯಾಗಿದ್ದರೂ ಹರಿಯುತ್ತಲೇ ಇತ್ತು. ಡಂಬಳದಲ್ಲಿ ಅದನ್ನು ಸಾಕಿದವರು ವರ್ತಕರೆಂಬುದನ್ನು ನೆನಪಿನಲ್ಲಿಟ್ಟುಕೊಳ್ಳಿರಿ.

ಮಂಗಳೂರಾದರೋ ಮೊದಲಿನಿಂದಲೂ ವರ್ತಕರ ಊರು. ನೇತ್ರಾವತಿಯೂ ಗುರುಪುರದ ಹೊಳೆಯೂ ಕೂಡಿ ಕಡಲಿಗೆ ಬೀಳುವ ಕಡೆಯ ರೇವು ಅದು. ಆರನೆಯ ಶತಮಾನದಲ್ಲಿ ಕಾಸ್ಮಸ್ ಎಂಬ ಗ್ರೀಕ್ ಬರಹಗಾರನು ಮೆಣಸನ್ನು ಕಳುಹಿಸುವ ರೇವುಗಳ ಸಾಲಿನಲ್ಲಿ ಇದನ್ನು ಮಂಗರೂಥ್ ಎಂದು ಹೆಸರಿಸಿದ್ದಾನೆ. ಅರಬರ ಬರಹಗಳಲ್ಲಿ ಇದು ಮಂಜರೂರ್. ಅವಲೋಕಿತೇಶ್ವರನು ಮೋಕ್ಷವನ್ನು ಕೊಡುವವನು ಮಾತ್ರವಲ್ಲ. ಬೆಂಕಿ, ಕಳ್ಳರು, ಸೆರೆ, ಕಾಡುಮೃಗಗಳೇ ಮೊದಲಾದ ಭಯಗಳಿಂದಲೂ, ವಿಶೇಷವಾಗಿ ಹಡಗು ಒಡೆಯುವ ಭಯದಿಂದಲೂ ತನ್ನನ್ನು ಕರೆದವರನ್ನು ಕಾಯುವವನು. ಮುಂಬಯಿಯ ಬಳಿಯ ಕಾನ್ಹೇರಿಯಲ್ಲಿಯೂ ಔರಂಗಾಬಾದಿನ ಗುಹೆಗಳಲ್ಲಿಯೂ ಅವನ ಸುತ್ತ ಈ ಭಯಗಳ ಚಿತ್ರಗಳನ್ನು ಕೆತ್ತಿ, ಅವುಗಳ ನಡುವೆ ಅಲೆಗೆ ಸಿಕ್ಕಿದ ನಾವೆಯೊಂದನ್ನೂ ತೋರಿಸಿರುವರು. ಅಷ್ಟೇ ಅಲ್ಲ, ಅವನ ನೆಲೆಯಾದ ಪೋತಲಕ ಪರ್ವತವು ದಕ್ಷಿಣ ದೇಶದ ಮಲಯಗಿರಿಯ ಸಮೀಪದಲ್ಲಿದೆಯೆಂದು ಏಳನೆಯ ಶತಮಾನದ ಚೀನೀ ಯಾತ್ರಿಕ ಹ್ಯುಯೆನ್‌ತ್ಸಾಂಗನು ಬರೆದಿದ್ದಾನೆ. ಕಡಲಿಗೆ ಹೋದ ಗಂಡಂದಿರೂ ಮಕ್ಕಳೂ ಮರಳಿ ಬರಲೆಂದು ಹರಕೆ ಹೊರುವ ಒಂದು ರೇವುಪಟ್ಟಣದ ಮೇಲುಗಡೆಯ ಗುಡ್ಡದಲ್ಲಿ ಈ ದೇವನನ್ನು ನಿಲ್ಲಿಸಿದ್ದು ನನಗೆ ಅತ್ಯಂತ ಸ್ವಾಭಾವಿಕವೆಂದು ಕಾಣುತ್ತದೆ. ಆಳುಪರಸರ ಬೊಕ್ಕಸಕ್ಕೆ ರೇವಿನ ಸುಂಕವೂ ಒಂದು ಆಧಾರವಲ್ಲವೇ? ಶಿವಭಕ್ತನಾದ ಅರಸನಿಗೂ ನಾವಿಕರನ್ನು ಕಾಯುವ ದೇವರು ಬೇಕು.

ಈ ಆಳುಪರ ವಿಷಯವಾಗಿ ಒಂದೆರಡು ಮಾತು. ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲಿ ಒಂದಾದ ಹಲ್ಮಿಡಿಯ ಶಾಸನದಲ್ಲಿಯೇ ಆಳುಪರ ಹೆಸರು ಬರುತ್ತದೆ. ಅಲ್ಲಿಂದ ಹದಿನಾಲ್ಕನೆಯ ಶತಮಾನದವರೆಗೆ, ಒಮ್ಮೆ ಚಾಲುಕ್ಯರಿಗೆ ಒಮ್ಮೆ ರಾಷ್ಟ್ರಕೂಟರಿಗೆ ತಲೆಬಾಗಿಯೂ ತಮ್ಮ ನೆಲವನ್ನು ಬಿಡದೆ, ಮಂಗಳೂರು ಉದಯಾವರ ಬಾರಕೂರುಗಳಿಂದ ಅವರು ತುಳುನಾಡನ್ನು ಆಳಿದರು. ದೊಡ್ಡ ಸಾಮ್ರಾಜ್ಯಗಳೆಲ್ಲ ಎರಡು ಮೂರು ಶತಮಾನಗಳಲ್ಲಿ ಮುಗಿದುಹೋಗುವಾಗ ಈ ಸಣ್ಣ ಮನೆತನವು ಇಷ್ಟು ಕಾಲ ಬಾಳಿದ್ದು ನಮ್ಮ ಇತಿಹಾಸಪುಸ್ತಕಗಳಲ್ಲಿ ಇನ್ನೂ ಹೆಚ್ಚಿನ ಪುಟಗಳನ್ನು ಪಡೆಯಬೇಕಾದ ಸಂಗತಿ.

ಕಂಚಿನ ಮಾತೂ ಸ್ವಲ್ಪ ಹೇಳಬೇಕು. ಮೇಣದಲ್ಲಿ ಮೂರ್ತಿಯನ್ನು ಮಾಡಿ, ಅದರ ಮೇಲೆ ನಯವಾದ ಮಣ್ಣನ್ನು ಮೆತ್ತಿ, ಒಣಗಿಸಿ ಕಾಯಿಸಿ ಮೇಣವನ್ನು ಕರಗಿಸಿ ತೆಗೆದು, ಬರಿದಾದ ಎಡೆಗೆ ಕರಗಿದ ಲೋಹವನ್ನು ಹೊಯ್ಯುವುದು ನಮ್ಮ ಎರಕದವರ ಪ್ರಾಚೀನ ಪದ್ಧತಿ. ಅಂಗೈಯಗಲದ ಮೂರ್ತಿಯನ್ನು ಎರೆಯುವುದೇ ಎಚ್ಚರದ ಕೆಲಸ. ಆರು ತೋಳುಗಳ ಐದಡಿಯ ಮೂರ್ತಿಯಲ್ಲಿ ಲೋಹವು ಒಂದು ಬೆರಳ ತುದಿಗೆ ಮುಟ್ಟುವ ಮುನ್ನ ಹೆಪ್ಪುಗಟ್ಟಿದರೂ ತಿಂಗಳುಗಳ ಶ್ರಮ ವ್ಯರ್ಥ. ಅಷ್ಟೊಂದು ತಾಮ್ರವಾದರೂ ಎಲ್ಲಿಂದ ಬಂದಿತು? ಇದಕ್ಕೆ ಸಂಬಂಧಪಟ್ಟ ಒಂದು ಸ್ವಾರಸ್ಯವಾದ ಸಾಕ್ಷ್ಯವು ಈಜಿಪ್ಟಿನ ಕೈರೋ ನಗರದ ಯೆಹೂದ್ಯರ ಹಳೆಯ ಕಾಗದಪತ್ರಗಳ ರಾಶಿಯಲ್ಲಿ ದೊರೆತಿದೆ. ಹನ್ನೆರಡನೆಯ ಶತಮಾನದ ನಡುವಿಗೆ ಮುನ್ನ, 1130ರ ದಶಕದಿಂದ 1149ರ ವರೆಗೆ, ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು ಮಂಗಳೂರಿನಲ್ಲಿ ನೆಲೆಸಿ ಈ ಕರಾವಳಿಯಲ್ಲಿ ಕಂಚು ಹಿತ್ತಾಳೆಯ ಕಾರ್ಖಾನೆಯನ್ನು ನಡೆಸುತ್ತಿದ್ದನು. ಏಡನ್ನಿನ ಅವನ ಮಿತ್ರರು ಒಡೆದ ಹಳೆಯ ಪಾತ್ರೆಗಳನ್ನೂ ತಾಮ್ರವನ್ನೂ ಹಡಗಿನಲ್ಲಿ ಕಳುಹಿಸಿ, ಇಂಥ ಅಳತೆಯ ಇಂಥ ಆಕಾರದ ಪಾತ್ರೆಗಳನ್ನು ಮಾಡಿಸಿ ಕಳುಹಿಸೆಂದು ಬರೆದಿರುವ ಪತ್ರಗಳು ಉಳಿದಿವೆ. ಲೋಹವನ್ನು ಕಡಲಾಚೆಯಿಂದ ತರಿಸಬೇಕಾಗಿತ್ತು. ಅದನ್ನು ಎರಕ ಹೊಯ್ಯುವ ಕೈಗಳು ಮಾತ್ರ ಇಲ್ಲಿದ್ದವು. ಕುಂದವರ್ಮನ ಕಾಲವು ಇದಕ್ಕೆ ಸುಮಾರು 170 ವರ್ಷಗಳ ಹಿಂದಿನದಾದರೂ ವ್ಯಾಪಾರದ ದಾರಿ ಅದೇ ಆಗಿದ್ದಿರಬೇಕು. ಅಷ್ಟು ತೂಕದ ಕಂಚನ್ನು ಒಂದು ವಿಹಾರಕ್ಕೆ ಕೊಡುವುದೆಂದರೆ ಅದು ಅರಸನ ಔದಾರ್ಯವೂ ಹೌದು, ರೇವಿನ ಸಂಪತ್ತಿನ ಅಳತೆಗೋಲೂ ಹೌದು.

ಹಾಗಾದರೆ ಲೋಕೇಶ್ವರನ ವಿಹಾರವು ಮಂಜುನಾಥನ ದೇವಾಲಯವಾದುದು ಹೇಗೆ? ಸ್ಥಳಪುರಾಣವು ಹೇಳುವ ಕಥೆ ಬೇರೆ. ಪರಶುರಾಮನು ಗೆದ್ದ ಭೂಮಿಯನ್ನೆಲ್ಲ ಕಶ್ಯಪನಿಗೆ ದಾನಮಾಡಿ ನಿಲ್ಲಲು ಎಡೆಯಿಲ್ಲದೆ ಶಿವನನ್ನು ಪ್ರಾರ್ಥಿಸಲು, ಕದಳೀಕ್ಷೇತ್ರದಲ್ಲಿ ತಪಸ್ಸು ಮಾಡು, ಅಲ್ಲಿ ಮಂಜುನಾಥನಾಗಿ ಬರುವೆನೆಂದು ಶಿವನು ಅಪ್ಪಣೆ ಕೊಟ್ಟನಂತೆ. ಕದಳಿಯೆಂದರೆ ಬಾಳೆ, ಕದ್ರಿಯೆಂಬುದು ಅದರಿಂದ ಬಂದಿತೆಂದು ಹೇಳುವರು. ಗೋವಿಂದ ಪೈಗಳು ಮಾತ್ರ ಇನ್ನೊಂದು ದಿಕ್ಕನ್ನು ತೋರಿಸಿದರು. ಮಂಜೇಶ್ವರದ ಈ ಕವಿಗಳು ಎಂಥ ಶಾಸನಜ್ಞರೂ ಆಗಿದ್ದರೆಂಬುದನ್ನು ನಿಮಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಬೌದ್ಧರಲ್ಲಿ ಮಂಜುಶ್ರೀ ಅಥವಾ ಮಂಜುಘೋಷನೆಂಬ ಬೋಧಿಸತ್ತ್ವನಿದ್ದಾನೆ. ಕೈಯಲ್ಲಿ ಖಡ್ಗವನ್ನೂ ಪುಸ್ತಕವನ್ನೂ ಹಿಡಿದ ಜ್ಞಾನಮೂರ್ತಿ ಅವನು. ಕದ್ರಿಯಲ್ಲಿ ಶೈವದೇವತೆಗಳೊಡನೆ ಅವನ ಆರಾಧನೆಯೂ ನಡೆಯುತ್ತಿದ್ದು, ಮಂಜುನಾಥನ ಹೆಸರಿನಲ್ಲಿ ಅವನ ನೆನಪು ಉಳಿದಿದೆಯೆಂಬುದು ಪೈಗಳ ಅಭಿಪ್ರಾಯ. ಎರಡು ಹೆಸರುಗಳು ಕಿವಿಗೆ ಒಂದೇ ಬಗೆಯಾಗಿ ಕೇಳಿಸಿದ ಮಾತ್ರಕ್ಕೆ ಅವು ಒಂದೇ ಎನ್ನುವುದಕ್ಕಾಗುವುದಿಲ್ಲ. ಅಂಥ ಊಹೆಗಳಿಂದ ನಮ್ಮ ಸ್ಥಳನಾಮಗಳ ಚರ್ಚೆ ಎಷ್ಟೋ ಸಲ ದಾರಿತಪ್ಪಿದೆ. ಆದರೆ ಲೋಕೇಶ್ವರನು ಕಣ್ಣೆದುರಿಗೆ ಕುಳಿತಿರುವ ಗುಡ್ಡದಲ್ಲಿ ಮಂಜುವೆಂಬ ಶಬ್ದವು ಬಂದಾಗ ಅದನ್ನು ಕೇವಲ ಆಕಸ್ಮಿಕವೆಂದು ತಳ್ಳಿಹಾಕಲು ನನಗೆ ಧೈರ್ಯ ಸಾಲದು.

ಬೌದ್ಧರಿಗೂ ಶೈವರಿಗೂ ನಡುವೆ ಸೇತುವೆಯಾಗಿ ನಿಂತವರು ನಾಥಯೋಗಿಗಳೆಂಬುದರಲ್ಲಿ ಹೆಚ್ಚು ಸಂದೇಹಕ್ಕೆ ಕಾರಣವಿಲ್ಲ. ಮತ್ಸ್ಯೇಂದ್ರನಾಥ, ಅವನ ಶಿಷ್ಯ ಗೋರಖನಾಥ, ಇವರ ಮೂರ್ತಿಗಳು ಕದ್ರಿಯಲ್ಲಿವೆ. ಮಂಗಳೂರಿಗೆ ಹೆಸರು ಕೊಟ್ಟ ಮಂಗಳಾದೇವಿಯೇ ಮಲಯಾಳದಿಂದ ಮತ್ಸ್ಯೇಂದ್ರನೊಡನೆ ಬಂದ ರಾಣಿ ಪ್ರೇಮಲೆಯೆಂದು ಊರಿನವರು ಕಥೆ ಹೇಳುತ್ತಾರೆ. ಸ್ತ್ರೀರಾಜ್ಯವಾದ ಕದಳೀವನದಲ್ಲಿ ಮೈಮರೆತಿದ್ದ ಗುರುವನ್ನು ಶಿಷ್ಯನು ಎಚ್ಚರಿಸಿ ಕರೆತಂದ ಕಥೆಯು ಉತ್ತರದೇಶದಲ್ಲೆಲ್ಲ ಪ್ರಸಿದ್ಧ. ಆ ಕದಳೀವನವೇ ನಮ್ಮ ಕದ್ರಿಯೆನ್ನುವರು ಜೋಗಿಗಳು. ಅಕ್ಕಮಹಾದೇವಿಯ ಕದಳಿಯನ್ನು ಶ್ರೀಶೈಲದಲ್ಲಿ ಕಂಡಿರುವ ನಮ್ಮ ಶರಣರ ಕಡೆಯವರು ಇದಕ್ಕೆ ಒಪ್ಪಲಾರರು. ಗೋರಕ್ಷನು ಅಲ್ಲಮಪ್ರಭುವಿನ ಎದುರು ತನ್ನ ವಜ್ರಕಾಯವನ್ನು ಮೆರೆದು ಕಡೆಗೆ ತಲೆಬಾಗಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬರುವುದರಿಂದ ಕನ್ನಡಿಗರಿಗೆ ಅವನು ಅಪರಿಚಿತನೇನಲ್ಲ. ಮುಖ್ಯವಾದ ಮಾತೆಂದರೆ, ಟಿಬೆಟ್ಟಿನ ಬೌದ್ಧರು ಪೂಜಿಸುವ 84 ಸಿದ್ಧರ ಪಟ್ಟಿಯಲ್ಲಿಯೂ ಮೀನಪಾದ, ಗೋರಕ್ಷ, ಚೌರಂಗಿ ಇವರ ಹೆಸರುಗಳಿವೆ. ಎರಡು ಮನೆಗಳಿಗೂ ಬೇಕಾದ ಬಂಧುಗಳು ಇವರು.

ಇದಕ್ಕೆ ನೇಪಾಳದಲ್ಲಿ ಬಹು ಸ್ಪಷ್ಟವಾದ ಹೋಲಿಕೆಯಿದೆ. ಪಾಟನ್ ಪಟ್ಟಣದಲ್ಲಿ ಕೆಂಪುಬಣ್ಣದ ದೇವರೊಬ್ಬನನ್ನು ಮಳೆಗಾಲಕ್ಕೆ ಮುನ್ನ ಮುಗಿಲು ಮುಟ್ಟುವ ರಥದಲ್ಲಿ ಕುಳ್ಳಿರಿಸಿ ಎಳೆಯುವರು. ಹಿಂದೂಗಳಿಗೆ ಅವನು ಮತ್ಸ್ಯೇಂದ್ರನಾಥ. ಬೌದ್ಧರಿಗೆ ಅವನೇ ಕರುಣಾಮಯನಾದ ಲೋಕೇಶ್ವರ. ಪೂಜಾರಿಗಳು ಬೌದ್ಧರು, ಹಗ್ಗ ಹಿಡಿದು ಎಳೆಯುವವರು ಇಬ್ಬರೂ. ಅಲ್ಲಿ ಒಂದೇ ಮೂರ್ತಿಗೆ ಎರಡು ಹೆಸರು; ಇಲ್ಲಿ ಒಂದೇ ಗುಡ್ಡದಲ್ಲಿ ಲೋಕೇಶ್ವರನೂ ಮತ್ಸ್ಯೇಂದ್ರನೂ ಬೇರೆ ಬೇರೆಯಾಗಿ ಕುಳಿತಿದ್ದಾರೆ. ಹಿಮಾಲಯದ ಮಡಿಲಿಗೂ ಪಡುಗಡಲ ತೀರಕ್ಕೂ ಇರುವ ಈ ನಂಟು ಯಾವ ದಾರಿಯಿಂದ ಬಂದಿತೆಂಬುದನ್ನು ಯೋಚಿಸುವವರು ಜೋಗಿಗಳ ಕಾಲುದಾರಿಯನ್ನು ಮರೆಯಬಾರದು. ಅದು ಇಂದಿಗೂ ಸವೆದಿಲ್ಲ. ಹನ್ನೆರಡು ವರ್ಷಗಳಿಗೊಮ್ಮೆ ನಾಸಿಕದ ಕುಂಭಮೇಳವಾದ ಮೇಲೆ ನಾಥಪಂಥದ ಸಾಧುಗಳು ತ್ರ್ಯಂಬಕೇಶ್ವರದಿಂದ ಝುಂಡಿಯಾಗಿ ಹೊರಟು, ತಿಂಗಳುಗಟ್ಟಲೆ ಕಾಲ್ನಡೆಯಲ್ಲಿ ಬಂದು ಕದ್ರಿಯ ಜೋಗಿಮಠಕ್ಕೆ ಹೊಸ ಒಡೆಯನನ್ನು ತಂದು ಪಟ್ಟಗಟ್ಟುತ್ತಾರೆ. ಅವನನ್ನು ರಾಜನೆಂದೇ ಕರೆಯುವರು. 2016ರಲ್ಲಿ ಇಂಥ ಪಟ್ಟಾಭಿಷೇಕವು ನಡೆಯಿತು.

ಈ ರಾಜರಲ್ಲೊಬ್ಬನನ್ನು 1623ರ ಕೊನೆಯಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು ಕಂಡು ಮಾತನಾಡಿಸಿದನು. ಇಕ್ಕೇರಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೋದ ಪೋರ್ತುಗೀಸರ ರಾಯಭಾರದೊಡನೆ ಬಂದು, ಆಮೇಲೆ ಮಂಗಳೂರಿಗಿಳಿದು, ಉಳ್ಳಾಲದ ರಾಣಿಯನ್ನೂ ನೋಡಿ, ಜೋಗಿಗಳ ಅರಸನೆಂಬವನನ್ನು ನೋಡುವ ಕುತೂಹಲದಿಂದ ಅವನು ಕದ್ರಿಗೆ ಹೋದನು. ಅವನ ಕಣ್ಣಿಗೆ ಬಿದ್ದ ಅರಸನು ಸಿಂಹಾಸನದ ಮೇಲಿರಲಿಲ್ಲ. ಒಕ್ಕಲುತನದ ಕೆಲಸವನ್ನು ನೋಡಿಕೊಳ್ಳುತ್ತಿದ್ದನು. ಬಿಳಿಯ ಗಡ್ಡದ ಮುದುಕ, ಗಟ್ಟಿಮುಟ್ಟಾದ ಮೈ, ಸೊಂಟದ ಮೇಲೆ ಬಟ್ಟೆಯಿಲ್ಲ, ಕಿವಿಗಳಲ್ಲಿ ಚಿನ್ನದಂತೆ ತೋರುವ ಗುಂಡುಗಳು. ಹಿಂದೆ ತನಗೆ ಆನೆ ಕುದುರೆ ಪಲ್ಲಕ್ಕಿಗಳಿದ್ದವೆಂದೂ ವೆಂಕಟಪ್ಪನಾಯಕನು ಎಲ್ಲವನ್ನೂ ಕಸಿದುಕೊಂಡನೆಂದೂ ಆ ಯೋಗಿರಾಜನು ಹೇಳಿಕೊಂಡನಂತೆ. ದೆಲ್ಲಾ ವಾಲ್ಲೆಗೆ ಅವನ ವಿದ್ಯೆಯ ವಿಷಯದಲ್ಲಿ ಅಂಥ ಗೌರವವೇನೂ ಹುಟ್ಟಲಿಲ್ಲ. ಆದರೂ ಪರದೇಶದವನ ಆ ಕೆಲವು ಪುಟಗಳಿಂದ ನಮಗೊಂದು ಸಂಗತಿ ಸ್ಪಷ್ಟವಾಗುವುದು: ಕದ್ರಿಯ ಗುಡ್ಡವು ಆ ಹೊತ್ತಿಗೆ ಸಂಪೂರ್ಣವಾಗಿ ಜೋಗಿಗಳದಾಗಿತ್ತು, ಮತ್ತು ಅದು ಅವರಿಗೆ ಬರಿಯ ಆಶ್ರಮವಾಗಿರದೆ ಭೂಮಿಕಾಣಿಯುಳ್ಳ ಒಂದು ಸಣ್ಣ ಸಂಸ್ಥಾನವೇ ಆಗಿತ್ತು.

ಧರ್ಮಸ್ಥಳದ ಮಂಜುನಾಥನ ಲಿಂಗವನ್ನು ಅಣ್ಣಪ್ಪದೈವವು ಕದ್ರಿಯಿಂದಲೇ ಕೊಂಡೊಯ್ದಿತೆಂಬ ಐತಿಹ್ಯವನ್ನು ನಿಮ್ಮಲ್ಲಿ ಅನೇಕರು ಕೇಳಿರುವಿರಿ. ಅಲ್ಲಿ ಶೈವಲಿಂಗಕ್ಕೆ ವೈಷ್ಣವರು ಪೂಜೆ ಮಾಡುವರು. ಕ್ಷೇತ್ರದ ಆಡಳಿತವು ಜೈನರ ಮನೆತನದ್ದು. ಬೇರೆ ಸೀಮೆಯವರಿಗೆ ಇದು ವಿಚಿತ್ರವಾಗಿ ತೋರುತ್ತದೆ. ಆ ಮಂಜುನಾಥನು ಹೊರಟುಬಂದ ಮನೆಯನ್ನು ಕದ್ರಿಯಲ್ಲಿ ಕಂಡವರಿಗೆ ಅಷ್ಟು ವಿಚಿತ್ರವಾಗಿ ತೋರಲಾರದು.

ಬೌದ್ಧರನ್ನು ಹೊಡೆದಟ್ಟಿ ಗುಡಿಯನ್ನು ಕಸಿದುಕೊಂಡರೆಂದು ಕೆಲವರು ಬಹಳ ಬಿಸಿಯಾಗಿ ಬರೆಯುತ್ತಾರೆ. ಇಲ್ಲಿ ಬೌದ್ಧರೇ ಇರಲಿಲ್ಲವೆಂದು ಮತ್ತೆ ಕೆಲವರು ಅಷ್ಟೇ ಬಿಸಿಯಾಗಿ ಉತ್ತರಿಸುತ್ತಾರೆ. ಈ ಎರಡು ಕೂಗುಗಳ ನಡುವೆ ಮೂರ್ತಿಯನ್ನು ನೋಡುವವರೇ ಇಲ್ಲವಾಗುವರೆಂಬುದು ನನ್ನ ಚಿಂತೆ. ಶಾಸನದಲ್ಲಿ ಜಗಳದ ಮಾತಿಲ್ಲ. ತಮಿಳುನಾಡಿನ ನಾಗಪಟ್ಟಣದ ಬೌದ್ಧವಿಹಾರಗಳ ಗತಿಯನ್ನು ಇದರೊಡನೆ ಹೋಲಿಸಿರಿ. ಅದೂ ರೇವುಪಟ್ಟಣವೇ, ರಾಜರಾಜ ಚೋಳನ ಕಾಲದಲ್ಲಿ ಕಡಲಾಚೆಯ ಶ್ರೀವಿಜಯದ ದೊರೆಗಳು ಅಲ್ಲಿ ಚೂಡಾಮಣಿ ವಿಹಾರವನ್ನು ಕಟ್ಟಿಸಿದರು. ಆ ವಿಹಾರದ ಗೋಡೆ ಗೋಪುರಗಳು ಹೋದವು. 1856ರಿಂದ ಈಚೆಗೆ ನೆಲವನ್ನು ಅಗೆದಾಗ ಸುಮಾರು 350 ಬೌದ್ಧ ಕಂಚಿನ ಮೂರ್ತಿಗಳು ದೊರೆತು, ಚೆನ್ನೈ ಮೊದಲುಗೊಂಡು ದೇಶದೇಶಗಳ ವಸ್ತುಸಂಗ್ರಹಾಲಯಗಳಿಗೆ ಹಂಚಿಹೋದವು. ಗಾಜಿನ ಹಿಂದೆ, ಸಂಖ್ಯೆಯ ಚೀಟಿ ಅಂಟಿಸಿಕೊಂಡು ಅವು ಕುಳಿತಿವೆ. ಕದ್ರಿಯ ಲೋಕೇಶ್ವರನು ನೆಲದೊಳಗೆ ಸೇರಲಿಲ್ಲ. ಕರಗಿ ಗಂಟೆಯೋ ಕೊಡವೋ ಆಗಲಿಲ್ಲ. ತನ್ನ ಮತದವರು ಇಲ್ಲವಾದ ಮೇಲೆಯೂ, ತನ್ನನ್ನು ಬೇರೊಂದು ಹೆಸರಿನಿಂದ ಕರೆದವರ ಕೈಯಲ್ಲಿ, ಎಣ್ಣೆ ಹೂವು ದೀಪಗಳನ್ನು ಪಡೆಯುತ್ತ ಸಾವಿರಕ್ಕೂ ಮೇಲ್ಪಟ್ಟ ಮಳೆಗಾಲಗಳನ್ನು ಕಳೆದನು. ಅವನನ್ನು ಬ್ರಹ್ಮನೆಂದು ತಿಳಿದು ಕೈಮುಗಿದ ಅಜ್ಜಿಯಂದಿರು ಇತಿಹಾಸಜ್ಞರಿಗೆ ಮಾಡಿದ ಉಪಕಾರವನ್ನು ಯಾವ ಇಲಾಖೆಯೂ ಮಾಡಿಲ್ಲ.

ಮಕರಸಂಕ್ರಮಣದ ಕಾಲಕ್ಕೆ ಕದ್ರಿಯಲ್ಲಿ ಜಾತ್ರೆ, ಕಾರ್ತಿಕದಲ್ಲಿ ಲಕ್ಷದೀಪೋತ್ಸವ. ಆ ದಿನಗಳಲ್ಲಿ ಮೂರ್ತಿಯನ್ನು ನಿಧಾನವಾಗಿ ನೋಡುವುದು ಅಸಾಧ್ಯ. ಆದುದರಿಂದ ಇತರ ದಿನಗಳಲ್ಲಿ, ಬೆಳಗಿನ ಹೊತ್ತಿನಲ್ಲಿ ಹೋಗುವುದು ಮೇಲು. ಮೊದಲು ಗೋಮುಖದ ಕೆರೆಗಳವರೆಗೆ ಮೆಟ್ಟಲು ಹತ್ತಿ ಗುಹೆಗಳನ್ನೂ ಮಠವನ್ನೂ ನೋಡಿಕೊಂಡು ಇಳಿದರೆ ಸ್ಥಳದ ಸ್ವರೂಪವು ಮನಸ್ಸಿಗೆ ಬರುತ್ತದೆ. 1976ರಲ್ಲಿ ಆರಂಭವಾದ ಮಂಗಳೂರಿನ ಆಕಾಶವಾಣಿ ಕೇಂದ್ರವೂ ಕದ್ರಿಯ ಗುಡ್ಡದಲ್ಲಿಯೇ ಇದೆ. ದೂರದವರ ಕಿವಿಗೆ ಮಾತನ್ನು ಮುಟ್ಟಿಸಲು ಈ ಎತ್ತರವೇ ಅನುಕೂಲವೆಂದು ಹೊಸಕಾಲದವರಿಗೂ ತೋರಿದ್ದು ನಮ್ಮಂಥ ಬಾನುಲಿಯವರಿಗೆ ಸಂತೋಷದ ವಿಷಯ. ಕೆಳಗಿಳಿದ ಮೇಲೆ ಮಂಜುನಾಥನ ದರ್ಶನ ಮಾಡಿ ಪ್ರದಕ್ಷಿಣೆಗೆ ಹೊರಡಿರಿ. ಲೋಕೇಶ್ವರನ ಗುಡಿಯಲ್ಲಿ ಬೆಳಕು ಸಾಲದಿದ್ದರೆ ಆರತಿಯಾಗುವವರೆಗೆ ಕಾಯಿರಿ. ಅರ್ಚಕರು ದೀಪವನ್ನು ಎತ್ತಿ ಮುಖದ ಬಳಿಗೆ ತಂದಾಗ ದೃಷ್ಟಿಯನ್ನು ಇನ್ನೂ ಒಂದು ಗೇಣು ಮೇಲಕ್ಕೆ, ಜಟಾಮಕುಟದ ಮುಂಭಾಗಕ್ಕೆ ಹಾಯಿಸಿರಿ. ಅಲ್ಲಿ ಕಾಲುಮಡಿಸಿ ಕುಳಿತಿರುವ ಪುಟ್ಟ ಆಕೃತಿಯು ಅಷ್ಟು ಹೊತ್ತಿನಲ್ಲಿ ಚೆನ್ನಾಗಿ ಕಾಣುತ್ತದೆ.